ಎಷ್ಟು ದಿನಗಳ ಮದ್ದುಗುಂಡು?

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ, ಎಂದರೆ ಕೆಳದಿಯ ಅರಸರು ರಾಜಧಾನಿಯಾಗಿ ಮಾಡಿಕೊಂಡಿದ್ದ ಹಳೆಯ ಬಿದನೂರಿನಲ್ಲಿ, 2018ನೆಯ ಇಸವಿಯಲ್ಲಿ ಬತ್ತಿದ ಬಾವಿಯೊಂದನ್ನು ಅಗೆದಾಗ, ಮದ್ದಿನ ವಾಸನೆ ಬೀರುತ್ತಿದ್ದ ಕೆಸರಿನೊಳಗಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ಬಾಣಗಳು ಹೊರಬಂದ ಸುದ್ದಿಯನ್ನು ವಾಚಕರಲ್ಲಿ ಅನೇಕರು ಓದಿರಬಹುದು. ಬಾಣವೆಂದರೆ ಇಲ್ಲಿ ಬಿಲ್ಲಿಗೆ ಹೂಡುವ ಬಾಣವಲ್ಲ. ಹೈದರಾಲಿ ಮತ್ತು ಟಿಪ್ಪುಸುಲ್ತಾನರ ಸೈನ್ಯಕ್ಕೆ ಹೆಸರು ತಂದುಕೊಟ್ಟ ಅಗ್ನಿಬಾಣ, ಇಂದಿನ ಮಾತಿನಲ್ಲಿ ರಾಕೆಟ್ಟು. ಅಂಥ ಬಾಣಗಳನ್ನು ನಾನು ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ಕಂಡಿದ್ದೇನೆ. ಗೇಣುದ್ದದ ಕೊಳವೆಗಳು, ಮೈತುಂಬ ತುಕ್ಕು, ಒಂದು ತುದಿ ಮುಚ್ಚಿ ಇನ್ನೊಂದು ತುದಿಯಲ್ಲಿ ಕಿಡಿ ಮುಟ್ಟಿಸುವುದಕ್ಕೆ ಬಿಟ್ಟ ಸಣ್ಣ ರಂಧ್ರ. ಯಾವ ಕಮ್ಮಾರನ ಬೆವರು, ಯಾವ ಸುಲ್ತಾನನ ಬೊಕ್ಕಸದ ಹಣ, ಯಾವ ಆಪತ್ತಿನ ಭಯ ಅವುಗಳಲ್ಲಿ ಅಡಗಿದ್ದಿತೋ ಹೇಳುವವರಿಲ್ಲ. ಆಪತ್ಕಾಲಕ್ಕೆಂದು ಕೂಡಿಟ್ಟ ಆ ಸಾವಿರ ಬಾಣಗಳಲ್ಲಿ ಒಂದಾದರೂ ಆಕಾಶಕ್ಕೆ ಏರಲಿಲ್ಲವೆಂಬುದು ಮಾತ್ರ ಕಣ್ಣಿಗೆ ಕಾಣುವ ಸತ್ಯ.

ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವ ಲೆಕ್ಕವೊಂದು ಶ್ರೀರಂಗಪಟ್ಟಣದಲ್ಲಿದೆ. 1799ರ ಮೇ 2ರಂದು ಹೊರಗಿನಿಂದ ಬಂದ ಗುಂಡೊಂದು ಕೋಟೆಯೊಳಗೆ ಬಾಣಗಳನ್ನು ಕೂಡಿಟ್ಟಿದ್ದ ಮದ್ದಿನಮನೆಗೆ ತಗುಲಿ ಮಹಾಸ್ಫೋಟವಾಯಿತು. ಎರಡು ದಿನಗಳ ಬಳಿಕ ಕೋಟೆ ಬಿದ್ದಿತು, ಸುಲ್ತಾನನು ಮಡಿದನು. ಆಮೇಲೆ ಗೆದ್ದವರು ಕೋಟೆಯನ್ನು ಶೋಧಿಸಿ ಪಟ್ಟಿ ಮಾಡಿದಾಗ ದೊರೆತವು ಬಾಣ ಹಾರಿಸುವ 600 ಸಾಧನಗಳು, ಉಪಯೋಗಕ್ಕೆ ಸಿದ್ಧವಾಗಿದ್ದ 700 ಬಾಣಗಳು, ಮತ್ತು ಮದ್ದು ತುಂಬದೆ ಬರಿದಾಗಿದ್ದ 9,000 ಕೊಳವೆಗಳು. ಈ ಬಾಣಗಳನ್ನು ಕುರಿತು ಆಳವಾಗಿ ಅಭ್ಯಾಸಮಾಡಿ ಬರೆದ ಬೆಂಗಳೂರಿನ ವಿಜ್ಞಾನಿ ದಿವಂಗತ ರೊದ್ದಂ ನರಸಿಂಹ ಅವರು ಮೈಸೂರಿನ ಕುಶಲಕರ್ಮಿಗಳ ಸಾಧನೆಯನ್ನು ಲೋಕದ ಮುಂದಿಟ್ಟು ನಮಗೆಲ್ಲ ಉಪಕಾರ ಮಾಡಿದ್ದಾರೆ. ಆದರೆ ನನ್ನ ಮನಸ್ಸು ಪ್ರತಿ ಸಲವೂ ಆ ಎರಡು ಸಂಖ್ಯೆಗಳ ಬಳಿಯೇ ನಿಲ್ಲುತ್ತದೆ. ಕೊಳವೆಯನ್ನು ಎಣಿಸಿದರೆ ಒಂಬತ್ತು ಸಾವಿರದ ಏಳುನೂರು; ಬಾಣವನ್ನು ಎಣಿಸಿದರೆ ಏಳುನೂರು. ಉಗ್ರಾಣದ ಅಧಿಕಾರಿ ಅರಮನೆಗೆ ಒಪ್ಪಿಸುತ್ತಿದ್ದ ಲೆಕ್ಕ ಇವೆರಡರಲ್ಲಿ ಯಾವುದು?

ಈ ಪ್ರಶ್ನೆಯನ್ನು ನಾನು ಇತಿಹಾಸದ ಕುತೂಹಲಕ್ಕಾಗಿ ಎತ್ತುತ್ತಿಲ್ಲ. ಒಂದು ರಾಷ್ಟ್ರವು ಆಪತ್ತಿನ ದಿನಕ್ಕಾಗಿ ಎಷ್ಟು ಮದ್ದುಗುಂಡನ್ನು ಕೂಡಿಡಬೇಕು ಎಂಬ ವಿಷಯವು ನಮ್ಮ ಕಾಲದಲ್ಲಿಯೂ, ನಮ್ಮ ದೇಶದಲ್ಲಿಯೂ, ತೆರಿಗೆ ಕೊಡುವ ಪ್ರತಿಯೊಬ್ಬನ ಗಮನಕ್ಕೆ ಬರಬೇಕಾದ ವಿಷಯ. ಅಷ್ಟೇ ಅಲ್ಲ, ಮಗನನ್ನು ಗಡಿಗೆ ಕಳುಹಿಸಿ ಮನೆಯಲ್ಲಿ ದಿನವೆಣಿಸುವ ಕೊಡಗಿನ, ಬೆಳಗಾವಿಯ, ವಿಜಯಪುರದ ತಾಯಿಯ ಪಾಲಿಗೆ ಅದು ಬರಿಯ ಆಯವ್ಯಯದ ವಿಷಯವಾಗಿ ಉಳಿಯುವುದಿಲ್ಲ.

ನಮ್ಮ ಭೂಸೇನೆಯು ಈ ಲೆಕ್ಕವನ್ನು ದಿನಗಳಲ್ಲಿ ಹಾಕುತ್ತದೆ. ಯುದ್ಧಕಾಲದ ವೆಚ್ಚಕ್ಕೆಂದು ಮೀಸಲಾಗಿಡುವ ದಾಸ್ತಾನು 40 ದಿನಗಳ ತೀವ್ರಯುದ್ಧಕ್ಕೆ ಸಾಕಾಗುವಂತಿರಬೇಕೆಂಬುದು ಬಹುಕಾಲದಿಂದ ನಡೆದುಬಂದ ನಿಯಮ. ಈ ನಲವತ್ತು ಬಂದ ಬಗೆ ಸರಳವಾದುದು: 30 ದಿನ ತೀವ್ರವಾದ ಕಾದಾಟ, 30 ದಿನ ಸಾಧಾರಣವಾದ ಕಾದಾಟ ಎಂದು ಊಹಿಸಿ, ಸಾಧಾರಣದ ಮೂರು ದಿನವನ್ನು ತೀವ್ರದ ಒಂದು ದಿನಕ್ಕೆ ಸಮವೆಂದು ಹಿಡಿದರೆ ಒಟ್ಟು ನಲವತ್ತಾಗುತ್ತದೆ. 1999ರಲ್ಲಿ, ಇಷ್ಟನ್ನು ಒದಗಿಸುವುದು ಕೈಗೂಡದೆಂದು ಕಂಡ ಸೇನಾ ಪ್ರಧಾನ ಕಚೇರಿಯು, ಇದಕ್ಕಿಂತ ಕೆಳಗೆ ಇಳಿದರೆ ಅಪಾಯವೆಂದು 20 ದಿನಗಳ ಗೆರೆಯೊಂದನ್ನು ಎಳೆಯಿತು. ಆ ಗೆರೆ ಎಳೆದವರ ಮನಸ್ಸಿನಲ್ಲಿ ಇಪ್ಪತ್ತು ಎಂಬುದು ನೆಲವಾಗಿದ್ದಿತು. ಕಾಲಕ್ರಮದಲ್ಲಿ ಅದೇ ಛಾವಣಿಯಾಯಿತು. 2015ರಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿಯ ಪ್ರಕಾರ, 2013ರ ಮಾರ್ಚಿನಲ್ಲಿ 170 ಬಗೆಯ ಮದ್ದುಗುಂಡುಗಳ ಪೈಕಿ ನಲವತ್ತು ದಿನಕ್ಕೆ ಸಾಕಾಗುವಷ್ಟು ಇದ್ದುದು ಕೇವಲ 17 ಬಗೆಗಳಲ್ಲಿ; 85 ಬಗೆಗಳಲ್ಲಿ, ಎಂದರೆ ಸರಿಯಾಗಿ ಅರ್ಧದಲ್ಲಿ, ಹತ್ತು ದಿನಕ್ಕೂ ಸಾಲದಷ್ಟು. 2017ರ ವರದಿಯಲ್ಲಿ ಪರಿಸ್ಥಿತಿ ಸ್ವಲ್ಪ ಸುಧಾರಿಸಿತ್ತಾದರೂ, 152 ಬಗೆಗಳಲ್ಲಿ 61ರ ದಾಸ್ತಾನು ಹತ್ತು ದಿನಕ್ಕಿಂತ ಕಡಿಮೆಯಾಗಿದ್ದಿತು. ದೊಡ್ಡ ತೋಪುಗಳ ಶೆಲ್ಲುಗಳು ಕೈಯಲ್ಲಿದ್ದು ಅವುಗಳನ್ನು ಸಿಡಿಸುವ ಫ್ಯೂಸುಗಳು ಇಲ್ಲದ ಅವಸ್ಥೆಯನ್ನೂ ಲೆಕ್ಕಪರಿಶೋಧಕರು ಬರೆದಿಟ್ಟರು. ಶ್ರೀರಂಗಪಟ್ಟಣದ ಬರಿಯ ಕೊಳವೆಗಳು ಇನ್ನೂರು ವರ್ಷಗಳಾದಮೇಲೆ ಹೊಸ ರೂಪದಲ್ಲಿ ನಮ್ಮ ಕಣ್ಣ ಮುಂದೆ ಬಂದು ನಿಂತಂತೆ ಆ ಪುಟಗಳನ್ನು ಓದಿದಾಗ ನನಗೆ ತೋರಿತು.

ಬಳಿಕ ಬಂದ ವರ್ಷಗಳಲ್ಲಿ ಸರಕಾರವು ಸುಮ್ಮನಿರಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. 2016ರಲ್ಲಿ ಉರಿಯ ಶಿಬಿರದ ಮೇಲೆ ದಾಳಿಯಾದ ಮೇಲೆ, ದೆಹಲಿಯ ಕಡತಗಳ ದಾರಿಯನ್ನು ಕಾಯದೆ ಖರೀದಿ ಮಾಡುವ ಅಧಿಕಾರವನ್ನು ಸೇನೆಯ ಉಪಮುಖ್ಯಸ್ಥರಿಗೆ ಕೊಡಲಾಯಿತು. ಲಡಾಖಿನ ಘರ್ಷಣೆಯ ತರುವಾಯ ಅಷ್ಟರಲ್ಲಿ ಹತ್ತು ದಿನಗಳಿಗೆ ಇಳಿದಿದ್ದ ಗುರಿಯನ್ನು ಹದಿನೈದಕ್ಕೆ ಏರಿಸಿದರೆಂದು 2020ರ ಕೊನೆಯಲ್ಲಿ ಪತ್ರಿಕೆಗಳು ವರದಿಮಾಡಿದವು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ನಲವತ್ತು ಇಪ್ಪತ್ತಾಗಿ, ಇಪ್ಪತ್ತು ಹತ್ತಾಗಿ, ಹತ್ತು ಹದಿನೈದಾದುದಕ್ಕೆ ಯಾವ ತರ್ಕವು ಆಧಾರ ಎಂಬುದನ್ನು ಪ್ರಜೆಗಳಿಗೆ ಯಾರೂ ಬಿಡಿಸಿ ಹೇಳಲಿಲ್ಲ.

ದಾಸ್ತಾನು ಸಾಲದೆ ಹೋದರೆ ಏನಾಗುವುದೆಂಬುದನ್ನು ಕಾರ್ಗಿಲ್ ತೋರಿಸಿತು. ಒಂದು ಸಣ್ಣ ಪರ್ವತಪ್ರದೇಶಕ್ಕೆ ಸೀಮಿತವಾಗಿದ್ದ ಆ ಯುದ್ಧದಲ್ಲಿ ನಮ್ಮ ತೋಪುಪಡೆ ಹಾರಿಸಿದ ಶೆಲ್ಲು, ಬಾಂಬು, ರಾಕೆಟ್ಟುಗಳ ಸಂಖ್ಯೆ ಎರಡೂವರೆ ಲಕ್ಷಕ್ಕೂ ಮಿಗಿಲು. ಸುಮಾರು 300 ತೋಪುಗಳಿಂದ ದಿನವೊಂದಕ್ಕೆ ಐದು ಸಾವಿರದಂತೆ. ಆಗಿನ ಸೇನಾ ಮುಖ್ಯಸ್ಥ ಜನರಲ್ ವೇದಪ್ರಕಾಶ್ ಮಲಿಕ್ ಅವರು, ನಮ್ಮಲ್ಲಿ ಏನಿದೆಯೋ ಅದರಿಂದಲೇ ಹೋರಾಡುವೆವು ಎಂಬ ಅರ್ಥದ ಮಾತನ್ನು ಪತ್ರಕರ್ತರ ಮುಂದೆ ಆಡಿದಾಗ ಇಡೀ ದೇಶ ಆ ಧೈರ್ಯಕ್ಕೆ ತಲೆದೂಗಿತು. ಧೈರ್ಯ ಶ್ಲಾಘ್ಯವೆಂಬುದರಲ್ಲಿ ಸಂದೇಹವೇನು? ಆದರೆ ಸೇನಾಪತಿಯೊಬ್ಬನ ಬಾಯಲ್ಲಿ ಅಂಥ ಮಾತು ಬರುವಂತೆ ಮಾಡಿದ ದೇಶವು ತನ್ನ ಕರ್ತವ್ಯವನ್ನು ಪೂರೈಸಿರಲಿಲ್ಲವೆಂಬುದೂ ಅಷ್ಟೇ ನಿಜ.

ಇಷ್ಟು ಕೇಳಿದವರು, ಹಾಗಾದರೆ ನಲವತ್ತಲ್ಲ, ಅರವತ್ತು ದಿನಗಳಿಗೆ ತುಂಬಿಸಿಡೋಣ ಎಂದಾರು. ಅವರಿಗಾಗಿ ನಾನು 1965ರ ಪಾಕಿಸ್ತಾನ ಯುದ್ಧದ ಒಂದು ಸಂಗತಿಯನ್ನು ನಿಧಾನವಾಗಿ ಹೇಳಬೇಕಾಗಿದೆ. ಏಕೆಂದರೆ ಈ ಇಡೀ ವಿಷಯದ ಮರ್ಮ ನನ್ನ ಬುದ್ಧಿಗೆ ತೋರಿದಂತೆ ಅಲ್ಲಿದೆ. ಆ ವರ್ಷದ ಸೆಪ್ಟೆಂಬರಿನಲ್ಲಿ, ಕದನವಿರಾಮಕ್ಕಾಗಿ ಲೋಕದ ಒತ್ತಾಯ ಬಲವಾಗುತ್ತಿದ್ದಾಗ, ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ಸೇನಾ ಮುಖ್ಯಸ್ಥ ಜನರಲ್ ಚೌಧುರಿಯವರನ್ನು ಕರೆದು, ಇನ್ನೂ ಕೆಲವು ದಿನ ಯುದ್ಧವನ್ನು ಮುಂದುವರಿಸಿದರೆ ನಿರ್ಣಾಯಕವಾದ ಜಯ ದೊರೆಯುವ ಸಂಭವವುಂಟೇ ಎಂದು ಕೇಳಿದರು. ಮುಂಚೂಣಿಯ ಮದ್ದುಗುಂಡಿನ ಬಹುಭಾಗ ಮುಗಿದುಹೋಗಿದೆ, ಟ್ಯಾಂಕುಗಳ ನಷ್ಟವೂ ಬಹಳವಾಗಿದೆ ಎಂಬುದು ಉತ್ತರವಾಗಿದ್ದಿತು. ಯುದ್ಧ ನಿಂತಿತು. ಆಮೇಲೆ ಲೆಕ್ಕ ಹಾಕಿ ನೋಡಿದಾಗ, ಮುಂಚೂಣಿಯ ಮದ್ದುಗುಂಡಿನಲ್ಲಿ ಖರ್ಚಾಗಿದ್ದುದು ನೂರಕ್ಕೆ 14ರಷ್ಟು ಮಾತ್ರವೆಂದು ತಿಳಿಯಿತೆಂಬುದಾಗಿ ರಕ್ಷಣಾ ಸಚಿವಾಲಯವೇ ಬರೆಯಿಸಿದ ಆ ಯುದ್ಧದ ಇತಿಹಾಸ ಹೇಳುತ್ತದೆ. ಯುದ್ಧವನ್ನು ಮುಂದುವರಿಸಬೇಕಾಗಿತ್ತೇ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಶಾಂತಿಯು ಒಂದು ದಿನ ಮೊದಲು ಬಂದರೂ ಅದು ಲಾಭವೇ. ಆದರೆ ನೂರರಲ್ಲಿ ಎಂಬತ್ತಾರು ಭಾಗ ಉಗ್ರಾಣದಲ್ಲಿ ಕುಳಿತಿರುವಾಗ, ಇಲ್ಲವೆಂದು ತಿಳಿದು ದೇಶದ ಅತ್ಯುನ್ನತವಾದ ನಿರ್ಧಾರವನ್ನು ಕೈಗೊಳ್ಳಬೇಕಾಯಿತು. ಇದ್ದೂ ಇಲ್ಲದಂತಾದ ಆ ದಾಸ್ತಾನಿನ ಮೇಲೆ ಇನ್ನೊಂದು ಅಷ್ಟೇ ದಾಸ್ತಾನನ್ನು ಹೇರಿದ್ದರೂ ಉತ್ತರ ಬದಲಾಗುತ್ತಿರಲಿಲ್ಲ. ಅಂದು ಕೊರತೆಯಾಗಿದ್ದುದು ಮದ್ದುಗುಂಡಿನದಲ್ಲ, ಲೆಕ್ಕದ್ದು.

ಬಯಲುಸೀಮೆಯ ನಮ್ಮ ಊರುಗಳಲ್ಲಿ ಜೋಳವನ್ನು ಹಗೇವಿನಲ್ಲಿ, ಎಂದರೆ ನೆಲದೊಳಗಿನ ಕಣಜದಲ್ಲಿ, ತುಂಬಿಡುತ್ತಿದ್ದ ಪದ್ಧತಿಯನ್ನು ಹಿರಿಯರು ಬಲ್ಲರು. ನನ್ನ ಬಾಲ್ಯದಲ್ಲಿ ಅಜ್ಜನ ಮನೆಯ ಅಂಗಳದ ಹಗೇವನ್ನು ತೆಗೆಯುವ ದಿನವೆಂದರೆ ಮಕ್ಕಳಿಗೆಲ್ಲ ಹಬ್ಬದಂತೆ. ಬಾಯಿಯ ಕಲ್ಲುಚಪ್ಪಡಿಯನ್ನು ಸರಿಸಿದ ಕೂಡಲೆ ಯಾರೂ ಒಳಗಿಳಿಯುವಂತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೊರಹೋಗುವ ತನಕ ಕಾದು, ಹಗ್ಗಕ್ಕೆ ಕಟ್ಟಿದ ದೀಪವನ್ನು ಮೊದಲು ಇಳಿಬಿಟ್ಟು, ಅದು ಆರದೆ ಉರಿದರೆ ಆಮೇಲೆ ಆಳು ಇಳಿಯಬೇಕು. ಬುಟ್ಟಿಯಲ್ಲಿ ಮೇಲೆ ಬಂದ ಕಾಳನ್ನು ಅಜ್ಜಿ ಅಂಗೈಯಲ್ಲಿ ಹಿಡಿದು ಮೂಸಿ, ಎರಡು ಕಾಳನ್ನು ಬಾಯಿಗೆ ಹಾಕಿಕೊಂಡು ಕಡಿದು ನೋಡಿ, ಗೋಡೆಯ ಬದಿಯಲ್ಲಿ ಮುಗ್ಗಿದುದನ್ನು ಬೇರೆ, ನಡುವೆ ಚೆನ್ನಾಗಿದ್ದುದನ್ನು ಬೇರೆ ಮಾಡಿಸುತ್ತಿದ್ದಳು. ಎಷ್ಟು ಚೀಲ ತುಂಬಿತ್ತೆಂಬುದು ಅವಳ ಲೆಕ್ಕವಲ್ಲ. ಎಷ್ಟು ಚೀಲ ರೊಟ್ಟಿಗೆ ಬರುತ್ತದೆಂಬುದು ಅವಳ ಲೆಕ್ಕ. ಹಳೆಯದು ಮುಗಿದ ಮೇಲೆಯೇ ಹೊಸದಕ್ಕೆ ಕೈ ಹಾಕಬೇಕೆಂಬ ನಿಯಮವನ್ನು ಮನೆಯಲ್ಲಿ ಯಾರೂ ಮೀರುವಂತಿರಲಿಲ್ಲ. ಒಂದು ಮಳೆ ತಪ್ಪಿದರೆ ಮುಂದಿನ ಬೆಳೆ ಕೈಗೆ ಬರುವ ತನಕ ಎಷ್ಟು ತಿಂಗಳೆಂಬುದರಿಂದ ಹಗೇವಿನ ಗಾತ್ರ ನಿಶ್ಚಯವಾಗುತ್ತಿದ್ದಿತು.

ಮದ್ದುಗುಂಡೂ ಕೆಡುವ ವಸ್ತುವೇ. ತೋಪಿನ ಗುಂಡನ್ನು ಮುಂದಕ್ಕೆ ತಳ್ಳುವ ಮದ್ದು ಇಂದು ಹೆಚ್ಚಾಗಿ ನೈಟ್ರೋಸೆಲ್ಯುಲೋಸಿನಿಂದ ಆಗುತ್ತದೆ. ಹತ್ತಿಬೀಜದಿಂದ ಅರಳೆಯನ್ನು ಬೇರ್ಪಡಿಸಿದ ಮೇಲೂ ಬೀಜಕ್ಕೆ ಅಂಟಿಕೊಂಡಿರುವ ಕಿರುನಾರನ್ನು ಆಮ್ಲಗಳಲ್ಲಿ ಸಂಸ್ಕರಿಸಿ ಅದನ್ನು ಪಡೆಯುತ್ತಾರೆ. ಈ ವಸ್ತುವು ಪೆಟ್ಟಿಗೆಯೊಳಗೆ ಸುಮ್ಮನೆ ಕುಳಿತಿರುವಾಗಲೂ ಅತಿ ಮಂದವಾಗಿ ವಿಘಟನೆ ಹೊಂದುತ್ತಲೇ ಇರುತ್ತದೆ. ಆ ವಿಘಟನೆಯನ್ನು ತಡೆಯಲೆಂದು ಬೆರೆಸಿದ ಸ್ಥಿರಕಾರಿ ದ್ರವ್ಯವು ವರ್ಷದಿಂದ ವರ್ಷಕ್ಕೆ ಕರಗುತ್ತ ಬರುತ್ತದೆ. ಬಿಸಿಲಿನ ತಾಪ ಹೆಚ್ಚಿದಷ್ಟೂ ಬೇಗ ಕರಗುತ್ತದೆ. ಪೂರ್ತಿಯಾಗಿ ಮುಗಿದರೆ ಮದ್ದು ತಾನೇ ತಾನಾಗಿ ಹೊತ್ತಿಕೊಳ್ಳುವ ಅಪಾಯವುಂಟು. ಶ್ರೀರಂಗಪಟ್ಟಣದ ಮದ್ದಿನಮನೆಗಳನ್ನು ಅರ್ಧ ನೆಲದೊಳಗೆ ಇಳಿಸಿ, ದಪ್ಪನೆಯ ಇಟ್ಟಿಗೆಯ ಗೋಡೆಯಿಂದ ಕಟ್ಟಿದವರು ಈ ರಸಾಯನಶಾಸ್ತ್ರವನ್ನು ಓದಿರದಿದ್ದರೂ ತಂಪಿನ ಬೆಲೆಯನ್ನು ಬಲ್ಲವರಾಗಿದ್ದರು. ಜೋಡಿ ರೈಲುಹಾದಿಗಾಗಿ ಅವುಗಳಲ್ಲಿ ಒಂದನ್ನು 2017ರಲ್ಲಿ ಇಡಿಯಾಗಿ ಎತ್ತಿ ಸರಿಸಿದ್ದಾರೆ. ಆ ಕಡೆ ಹೋದವರು ಒಂದು ಗಳಿಗೆ ನಿಂತು ನೋಡಬೇಕು.

ಕೂಡಿಡುವುದರ ಅಪಾಯವನ್ನು ನಮ್ಮ ದೇಶ ಬಹು ದುಬಾರಿಯಾದ ಪಾಠವಾಗಿ ಕಲಿತಿದೆ. 2000ದ ಏಪ್ರಿಲ್ 28ರಂದು ರಾಜಸ್ಥಾನದ ಭರತಪುರದ ಸೇನಾ ಉಗ್ರಾಣದಲ್ಲಿ ಒಣಹುಲ್ಲಿಗೆ ಹತ್ತಿದ ಬೆಂಕಿ ಮದ್ದುಗುಂಡಿನ ರಾಶಿಗಳಿಗೆ ಹಬ್ಬಿ 350 ಕೋಟಿ ರೂಪಾಯಿಗೂ ಮೀರಿದ ಸಾಮಗ್ರಿ ನಾಶವಾಯಿತು. ಕಾರ್ಗಿಲ್ ಕದನ ಮುಗಿದು ಆಗ ಇನ್ನೂ ವರ್ಷವೂ ತುಂಬಿರಲಿಲ್ಲ. 2016ರ ಮೇ 31ರಂದು ಮಹಾರಾಷ್ಟ್ರದ ಪುಲಗಾಂವ್ ಉಗ್ರಾಣದಲ್ಲಿ ಟ್ಯಾಂಕುವಿರೋಧಿ ನೆಲಬಾಂಬುಗಳ ಶೇಖರಣೆ ಸಿಡಿದು, ಬೆಂಕಿಯನ್ನು ಆರಿಸಲು ಓಡಿದ ಅಧಿಕಾರಿಗಳೂ ಯೋಧರೂ ಅಗ್ನಿಶಾಮಕ ಸಿಬ್ಬಂದಿಯೂ ಸೇರಿ ಹದಿನೈದಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು. ಬೇಕಾದುದಕ್ಕಿಂತ ಹೆಚ್ಚಾಗಿ, ನೋಡಿಕೊಳ್ಳುವ ಶಕ್ತಿಗೆ ಮೀರಿ ಕೂಡಿಟ್ಟ ಮದ್ದು ಶತ್ರುವಿಗಿಂತ ಮೊದಲು ಕಾವಲುಗಾರನನ್ನು ಸುಡುತ್ತದೆ.

ಹಾಗಾದರೆ ಎಷ್ಟು ಬೇಕು? ಎಷ್ಟು ದಿನ ಯುದ್ಧ ನಡೆದೀತೆಂಬ ಪ್ರಶ್ನೆಯನ್ನೇ ನಾವು ಎಂದಿನಿಂದಲೂ ಕೇಳುತ್ತ ಬಂದಿದ್ದೇವೆ. 1971ರಲ್ಲಿ ಹದಿಮೂರು ದಿನ, ಕಾರ್ಗಿಲಿನಲ್ಲಿ ಎರಡು ತಿಂಗಳಿಗೂ ಮೇಲೆ, 2025ರ ಮೇ ತಿಂಗಳಲ್ಲಿ ನಾಲ್ಕೇ ದಿನ: ಇವುಗಳ ಸರಾಸರಿಯನ್ನು ತೆಗೆದು ಮುಂದಿನದನ್ನು ಊಹಿಸಲಾಗದು. ಉತ್ತರ ಸಿಕ್ಕಬಹುದಾದ ಪ್ರಶ್ನೆ ಬೇರೆಯಿದೆ. ಖರ್ಚಾದುದನ್ನು ನಮ್ಮ ಕಾರ್ಖಾನೆಗಳು ಎಷ್ಟು ದಿನಗಳಲ್ಲಿ ಮತ್ತೆ ತುಂಬಿಕೊಡಬಲ್ಲವು? ಮುಂದಿನ ಬೆಳೆ ಎಂದು ಕೈಗೆ ಬರುತ್ತದೆಂದು ನೋಡಿ ಹಗೇವನ್ನು ತೋಡಿದವರ ಪ್ರಶ್ನೆಯೇ ಇದು.

1915ರ ಬ್ರಿಟನ್ ಈ ಪ್ರಶ್ನೆಯನ್ನು ಕೇಳದೆ ಯುದ್ಧಕ್ಕೆ ಹೋಗಿದ್ದಿತು. ಫ್ರಾನ್ಸಿನ ರಣಭೂಮಿಯಲ್ಲಿ ಶೆಲ್ಲುಗಳು ಸಾಲದೆ ದಾಳಿಗಳು ವಿಫಲವಾದ ಸುದ್ದಿ ಆ ವರ್ಷದ ಮೇ ತಿಂಗಳಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಅಚ್ಚಾದಾಗ ಸರಕಾರವೇ ಅಲುಗಾಡಿತು. ಸಂಮಿಶ್ರ ಮಂತ್ರಿಮಂಡಲ ಬಂದಿತು. ಮದ್ದುಗುಂಡಿಗೆಂದೇ ಹೊಸ ಸಚಿವಾಲಯ ಹುಟ್ಟಿ ಲಾಯ್ಡ್ ಜಾರ್ಜ್ ಅದರ ಹೊಣೆ ಹೊತ್ತರು. ಮರುವರ್ಷ ಸಾಮ್ ನದಿಯ ಬಳಿ ಒಂದೇ ವಾರದಲ್ಲಿ ಹದಿನೈದು ಲಕ್ಷ ಶೆಲ್ಲುಗಳನ್ನು ಹಾರಿಸುವಷ್ಟು ಉತ್ಪಾದನೆ ಬೆಳೆಯಿತು ನಿಜ. ಆದರೆ ಅವಸರದಲ್ಲಿ ಮಾಡಿದ ಅವುಗಳಲ್ಲಿ ಅನೇಕವು ಸಿಡಿಯದೆ ಮಣ್ಣಿನಲ್ಲಿ ಹೂತುಹೋದವು. ನೂರು ವರ್ಷಗಳು ಕಳೆದ ಮೇಲೆ ಯುಕ್ರೇನಿನ ಯುದ್ಧದಲ್ಲಿ ಐರೋಪ್ಯ ಒಕ್ಕೂಟ 2023ರ ಮಾರ್ಚಿನಲ್ಲಿ, ಹನ್ನೆರಡು ತಿಂಗಳೊಳಗೆ 10 ಲಕ್ಷ ಶೆಲ್ಲು ಕೊಡುವೆವೆಂದು ಮಾತು ಕೊಟ್ಟು, ಗಡುವು ಬಂದಾಗ ಅದರ ಅರ್ಧದಷ್ಟನ್ನು ಮಾತ್ರ ತಲುಪಿಸಲು ಸಮರ್ಥವಾಯಿತು. ಯುದ್ಧಕ್ಕೆ ಮೊದಲು ಅಮೆರಿಕೆಯಂಥ ಅಮೆರಿಕೆಯೂ ತಿಂಗಳಿಗೆ ತಯಾರಿಸುತ್ತಿದ್ದ 155 ಮಿಲಿಮೀಟರಿನ ಶೆಲ್ಲುಗಳು ಸುಮಾರು 14,000 ಮಾತ್ರ. ಹಣಕ್ಕೆ ಅಲ್ಲಿ ಬರವಿರಲಿಲ್ಲ. ಆದರೆ ವರ್ಷಗಟ್ಟಲೆ ಬೇಡಿಕೆಯಿಲ್ಲದೆ ತಣ್ಣಗಾದ ಕುಲುಮೆಯನ್ನು ಹಣದ ಕಟ್ಟಿಟ್ಟು ಒಂದು ರಾತ್ರಿಯಲ್ಲಿ ಉರಿಸಲಾಗದು. ಯಂತ್ರ ಬೇಕು, ಆ ಯಂತ್ರದ ಮುಂದೆ ಹತ್ತು ವರ್ಷ ನಿಂತು ಕೈ ಪಳಗಿದ ಕೆಲಸಗಾರ ಬೇಕು, ಆಮ್ಲ ಬೇಕು, ಹತ್ತಿಯ ಕಿರುನಾರು ಬೇಕು, ಫ್ಯೂಸಿನ ಬಿಡಿಭಾಗ ಬೇಕು.

ನಮ್ಮಲ್ಲಿ ಈ ಕುಲುಮೆಗಳಿಗೆ ದೀರ್ಘವಾದ ಚರಿತ್ರೆಯುಂಟು. ಪುಣೆಯ ಖಡಕಿಯ ಕಾರ್ಖಾನೆ 1869ರದು. ಕರ್ನಾಟಕದ ಗಡಿಗೆ ಸಮೀಪದಲ್ಲಿಯೇ, ನೀಲಗಿರಿಯ ಅರುವಂಕಾಡಿನಲ್ಲಿ ತೋಪಿನ ಮದ್ದು ತಯಾರಿಸುವ ಕಾರ್ಖಾನೆ 1904ರಿಂದ ನಡೆದುಬಂದಿದೆ. 2021ರ ಅಕ್ಟೋಬರ್ 1ರಂದು 41 ಸರಕಾರಿ ಶಸ್ತ್ರಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ವಿಂಗಡಿಸಿ, ಮದ್ದುಗುಂಡಿನ ಭಾರವನ್ನು ಪುಣೆಯ ಮ್ಯುನಿಷನ್ಸ್ ಇಂಡಿಯಾ ಕಂಪನಿಗೆ ಒಪ್ಪಿಸಿದ್ದಾರೆ. ಖಾಸಗಿಯವರೂ ಈ ಕ್ಷೇತ್ರಕ್ಕೆ ಇಳಿದಿದ್ದಾರೆ. ಇವರೆಲ್ಲರಿಗೂ ಬೇಕಾದುದು ಒಂದು ವರ್ಷ ತುಂಬಿ ತುಳುಕಿ ಮರುವರ್ಷ ಬತ್ತಿಹೋಗುವ ಬೇಡಿಕೆಯಲ್ಲ, ಐದೋ ಹತ್ತೋ ವರ್ಷ ಏಕಪ್ರಕಾರವಾಗಿ ಹರಿಯುವ ಬೇಡಿಕೆ. ಹಾಗೆ ತಯಾರಾಗಿ ಬಂದ ಹೊಸದನ್ನು ಉಗ್ರಾಣಕ್ಕೆ ಸೇರಿಸಿ, ವಯಸ್ಸಾಗುತ್ತ ಬಂದುದನ್ನು ಯೋಧರ ಅಭ್ಯಾಸಕ್ಕೆ ಕೊಟ್ಟರೆ, ದಾಸ್ತಾನೂ ಕೆಡುವುದಿಲ್ಲ, ಸೈನಿಕನ ಕೈಯೂ ಪಳಗುತ್ತದೆ, ಕುಲುಮೆಯೂ ಆರುವುದಿಲ್ಲ. ಅಭ್ಯಾಸದ ಗುಂಡಿಗೂ ಕೊರತೆಯಿದೆಯೆಂದು ಮಹಾಲೇಖಪಾಲರು ಬರೆದುದನ್ನು ನೆನೆದಾಗ ಈ ಮಾತಿನ ತೂಕ ಹೆಚ್ಚುತ್ತದೆ.

ಆದುದರಿಂದ ನನ್ನ ಅಭಿಪ್ರಾಯ ಇದು. ಎಲ್ಲ ಬಗೆಯ ಮದ್ದುಗುಂಡಿಗೂ ನಲವತ್ತು ದಿನವೆಂಬ ಒಂದೇ ಅಳತೆಯನ್ನು ಕಾಗದದ ಮೇಲೆ ಇಟ್ಟುಕೊಂಡು ಹತ್ತು ದಿನಕ್ಕೂ ಸಾಲದ ಸ್ಥಿತಿಯಲ್ಲಿರುವುದಕ್ಕಿಂತ, ಸ್ವದೇಶದಲ್ಲಿ ಶೀಘ್ರವಾಗಿ ತಯಾರಿಸಬಲ್ಲವುಗಳಿಗೆ ಇಪ್ಪತ್ತು ದಿನಗಳ, ಫ್ಯೂಸು ಮತ್ತು ಪರೀಕ್ಷೆಗಳ ಸಮೇತ ಇಂದೇ ಹಾರಿಸಲು ಯೋಗ್ಯವಾದ, ನಿಜವಾದ ದಾಸ್ತಾನಿರಲಿ. ಹೊರದೇಶದಿಂದ ತರಬೇಕಾದವುಗಳಿಗೂ ತಯಾರಿಕೆ ನಿಧಾನವಾದವುಗಳಿಗೂ ನಲವತ್ತೋ ಅದಕ್ಕಿಂತ ಮೇಲೋ ಇರಲಿ. ಉಳಿಯುವ ಹಣ ಕಾರ್ಖಾನೆಗಳ ಸ್ಥಿರವಾದ ಬೇಡಿಕೆಗೆ ಸಲ್ಲಲಿ. ಶಾಲೆಗೂ ಆಸ್ಪತ್ರೆಗೂ ಹಣ ಸಾಲದ ದೇಶದಲ್ಲಿ ಸಿಡಿಮದ್ದಿಗೆ ಇಷ್ಟು ಸುರಿಯಬೇಕೇ ಎಂದು ಕೇಳುವವರ ನೋವು ನನ್ನದೂ ಹೌದು. ಆ ನೋವಿರುವುದರಿಂದಲೇ, ಕೊಳೆಯುವ ದಾಸ್ತಾನಿಗೆ ಒಂದು ರೂಪಾಯಿಯೂ ಹೋಗಬಾರದೆಂದು ಹೇಳುತ್ತಿದ್ದೇನೆ.

ಇಂಥ ಲೆಕ್ಕ ಬಯಲಾದರೆ ಶತ್ರುವಿಗೆ ಅನುಕೂಲವಾಗುವುದೆಂಬ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಯಾವ ಗುಂಡು ಎಷ್ಟಿದೆಯೆಂದು ಬೀದಿಯಲ್ಲಿ ಸಾರಬೇಕೆಂದು ನಾನು ಹೇಳುವುದಿಲ್ಲ. ಆದರೆ ರಕ್ಷಣಾ ವಿಷಯಕ್ಕೆಂದೇ ಸಂಸತ್ತಿನ ಸ್ಥಾಯೀ ಸಮಿತಿಯೊಂದಿದೆ. ಮುಚ್ಚಿದ ಬಾಗಿಲ ಹಿಂದೆ ಕುಳಿತು ಸತ್ಯವನ್ನು ಕೇಳುವ ಅಧಿಕಾರ ಅದಕ್ಕುಂಟು. 1965ರಲ್ಲಿ ಪ್ರಧಾನಿಗೇ ಸತ್ಯ ತಿಳಿಯದೆ ಹೋದುದಕ್ಕೆ ಕಾರಣ ಗುಟ್ಟು ರಟ್ಟಾದುದಲ್ಲ.

ಕರ್ನಾಟಕದಿಂದ ಲೋಕಸಭೆಗೆ ನಾವು ಕಳುಹಿಸಿರುವವರು 28 ಮಂದಿ. ರಕ್ಷಣಾ ಇಲಾಖೆಯ ಅನುದಾನದ ಬೇಡಿಕೆ ಮುಂದಿನ ಸಲ ಸದನಕ್ಕೆ ಬಂದಾಗ ಅವರಲ್ಲಿ ಒಬ್ಬರಾದರೂ, ಯಾವ ಪಕ್ಷದವರೇ ಆಗಲಿ, ಎದ್ದು ನಿಂತು ಮೂರು ಮಾತು ಕೇಳಬೇಕೆಂದು ನನ್ನ ಪ್ರಾರ್ಥನೆ: ನಮ್ಮ ದಾಸ್ತಾನಿನಲ್ಲಿ ಇಂದೇ ಹಾರಿಸಲು ಯೋಗ್ಯವಾದುದು ನೂರಕ್ಕೆ ಎಷ್ಟು, ಖರ್ಚಾದುದನ್ನು ತುಂಬಲು ಎಷ್ಟು ದಿನ ಬೇಕು, ಮತ್ತು ಆ ದಾಸ್ತಾನನ್ನು ಕಳೆದ ಸಲ ಉಗ್ರಾಣಕ್ಕೆ ಹೋಗಿ ಕಣ್ಣಾರೆ ಎಣಿಸಿದುದು ಯಾವಾಗ.